ಅಂಗಡಿಯ ತೋಟೆ ಒಲ್ಲದ ಕೋವಿ

2022ರ ಜನವರಿ. ಆಗ ನಾನು ಅಬುಧಾಬಿಯ ಬನಿಯಾಸ್‌ನಲ್ಲಿ, ಬೇಟೆಯ ಸರಕು ಮಾರುವ ಅಂಗಡಿಯೊಂದರ ವರ್ಕ್‌ಶಾಪಿನಲ್ಲಿ ಹಿರಿಯ ತಂತ್ರಜ್ಞನಾಗಿದ್ದೆ. ಮಂಗಳೂರಿನಲ್ಲಿ ಲೇತ್ ಕೆಲಸ ಕಲಿತವನಿಗೆ ಕೋವಿಯ ಕೆಲಸ ಕೈಹತ್ತಿದ್ದು ಅಲ್ಲಿಗೆ ಹೋದ ಮೇಲೆ. ಪರವಾನಗಿ ಇದ್ದವರು ತರುವ ಕೋವಿಗಳನ್ನು ಬಿಚ್ಚಿ, ಒರೆಸಿ, ಅಳೆದು, ಹಾರಿಸಲು ಯೋಗ್ಯವೋ ಅಲ್ಲವೋ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಅಷ್ಟು ವರ್ಷಗಳಲ್ಲಿ ನಾನೇ ಗುಂಡು ಹಾರಿಸಿದ್ದು ಕಡಿಮೆ. ಬೇಡ ಎಂದದ್ದೇ ಹೆಚ್ಚು.

ನಮ್ಮ ಹಳೆಯ ಗಿರಾಕಿ ಅಬು ರಾಶಿದ್ ಬನಿಯಾಸ್‌ನವರೇ. ಅಲ್ಲಿನ ಹಿರಿಯರನ್ನು ಅಬು, ಅಂದರೆ ಅಪ್ಪ, ಎಂಬುದಕ್ಕೆ ಹಿರಿಮಗನ ಹೆಸರು ಸೇರಿಸಿ ಕರೆಯುವುದು ರೂಢಿ. ಅವರ ಬಾಲ್ಯದ ಗೆಳೆಯ ಅಬು ಹಮದ್ ದುಬೈಯ ಮಿರ್ದಿಫ್‌ನಲ್ಲಿದ್ದರು. ಆ ಮನೆಯ ಕಪಾಟಿನಲ್ಲಿ ಒಂದು ಹಳೆಯ ಬೇಟೆ ರೈಫಲ್ ಇತ್ತು. ತೈಲ ಹುಡುಕಲು ಬಂದಿದ್ದ ಯಾರೋ ವಿದೇಶಿ ಇಂಜಿನಿಯರ್ ಊರಿಗೆ ಮರಳುವಾಗ ಅಬು ಹಮದರ ತಂದೆಗೆ ಕೊಟ್ಟು ಹೋದದ್ದು. ಅಕ್ರೋಟದ ಮರದ ಹಿಡಿ, ಉದ್ದನೆಯ ನಳಿಗೆ. ಅಬು ರಾಶಿದರು ಅದರ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಕೊನೆಗೊಮ್ಮೆ ಗೆಳೆಯ ಒಪ್ಪಿದರು. ಸರಕಾರದ ಕಾಗದಪತ್ರಗಳೆಲ್ಲ ಕ್ರಮವಾಗಿ ಆದವು. ಗುರಿ ಅಭ್ಯಾಸದ ರೇಂಜಿನಲ್ಲಿ ಒಮ್ಮೆ ಹಾರಿಸಿ ನೋಡಿ ಕೋವಿ ಕೈಬದಲಾಗುವುದು ಎಂದು ಮಾತಾಯಿತು.

ನಳಿಗೆಯ ಮೇಲೆ 7x57 ಎಂಬ ಮುದ್ರೆ ಇದೆ ಎಂದು ಫೋನಿನಲ್ಲಿ ತಿಳಿಸಿದ್ದರು. ಏಳು ಮಿಲಿಮೀಟರ್ ದಪ್ಪದ ಗುಂಡು, ಐವತ್ತೇಳು ಮಿಲಿಮೀಟರ್ ಉದ್ದದ ಹಿತ್ತಾಳೆಯ ಕೇಸು ಎಂದು ಅದರ ಅರ್ಥ. ಆ ತೋಟೆ ನಮ್ಮಲ್ಲಿ ಸಿಗುತ್ತಿತ್ತು. ಒಂದು ಪೆಟ್ಟಿಗೆ ತೆಗೆದುಕೊಂಡು ರೇಂಜಿಗೆ ಹೋಗಲು ಮ್ಯಾನೇಜರ್ ಸಲೀಂ ನನಗೆ ಹೇಳಿದರು. ಸಲೀಂ ಬಂಟ್ವಾಳ ಕಡೆಯ ಬ್ಯಾರಿ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು.

"ವಿಕ್ಟರಣ್ಣ, ಇದು ದೊಡ್ಡವರ ವ್ಯವಹಾರ. ನೀವು ಅಲ್ಲಿ ಹೋಗಿ ಮೇಷ್ಟ್ರ ಹಾಗೆ ತಪ್ಪು ಹುಡುಕ್ಲಿಕ್ಕೆ ನಿಲ್ಬೇಡಿ, ಆಯ್ತಾ?"

"ನೋಡುವಾ," ಎಂದೆ. ಅಳತೆಯ ಗೇಜುಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆ.

ರೇಂಜಿನಲ್ಲಿ ಗೆಳೆಯರಿಬ್ಬರೂ ಮೊದಲೇ ಬಂದು ಕೂತಿದ್ದರು. ಇಬ್ಬರಿಗೂ ಹಿಂದಿ ಚೆನ್ನಾಗಿ ಬರುತ್ತಿತ್ತು, ನಡುನಡುವೆ ಅರಬ್ಬಿ. ಮೊದಲು ನಾನು ಗೇಜು ಹಾಕಿ ನೋಡುತ್ತೇನೆ ಎಂದು ಕೇಳಿಕೊಂಡೆ. ಅಬು ಹಮದ್ ನಯವಾಗಿಯೇ ಬೇಡವೆಂದರು. ಅವರ ಕಡೆ ಕಾಫಿ ಸುರಿಯುವವನು ಮೊದಲ ಫಿಂಜಾನ್, ಅಂದರೆ ಮೊದಲ ಬಟ್ಟಲು, ತಾನು ಕುಡಿದು, ಆಮೇಲೆ ಅತಿಥಿಗೆ ಕೊಡುತ್ತಾನೆ. ಕೊಡುತ್ತಿರುವುದು ಒಳ್ಳೆಯದೇ ಎಂದು ತೋರಿಸುವ ಕ್ರಮ ಅದು.

"ಕೋವಿ ನನ್ನ ಮನೆಯದು," ಎಂದರು. "ಮೊದಲ ಫಿಂಜಾನ್ ನನ್ನದು."

ಇದಕ್ಕೆ ಎದುರು ಹೇಳುವುದು ಎಂದರೆ ಅವರ ಮನೆಯ ಕಾಫಿಯನ್ನು ಸಂಶಯಿಸಿದ ಹಾಗೆ. ನಾನು ಹಿಂದೆ ಸರಿದು ನಿಂತೆ.

ಅವರು ಎರಡು ತೋಟೆ ತುಂಬಿದರು. ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಎಷ್ಟು ನಯವಾಗಿದೆ ಎಂದು ಗೆಳೆಯನಿಗೆ ತೋರಿಸಲು ಒಮ್ಮೆ ಮುಚ್ಚಿ ತೆರೆದರು. ಮೊದಲ ತೋಟೆ ಸಿಡಿಯದೆ ಹಾಗೇ ಹೊರಗೆ ಚಿಮ್ಮಿ ನನ್ನ ಕಾಲ ಬಳಿ ಬಿತ್ತು. ಬಿದ್ದ ತೋಟೆಯನ್ನು ಒರೆಸಿಯೇ ಪೆಟ್ಟಿಗೆಗೆ ಹಾಕುವುದು ನನ್ನ ಅಭ್ಯಾಸ. ಎತ್ತಿಕೊಂಡೆ. ಕೇಸಿನ ಬುಡಕ್ಕೆ ಹಳೆಯ ಎಣ್ಣೆ ಮೆತ್ತಿತ್ತು. ಬಹಳ ಕಾಲ ಹಾರಿಸದ ಕೋವಿಯಲ್ಲಿ ಅದು ಸಹಜ. ಆದರೆ ಕೇಸು ಸಪೂರವಾಗುವ ಜಾಗ, ಅದಕ್ಕೆ ನಾವು ಭುಜ ಎನ್ನುತ್ತೇವೆ, ಪೂರ್ತಿ ಒಣಗಿತ್ತು. ಅಂಗಡಿಯಿಂದ ತಂದಷ್ಟೇ ಹೊಳೆಯುತ್ತಿತ್ತು. ತೋಟೆಯ ಭುಜ ಅದು ಕೂರುವ ಚೇಂಬರಿನ ಗೋಡೆಗೆ ತಾಗಿ ನಿಲ್ಲಬೇಕು. ಇದು ಏನನ್ನೂ ತಾಗಿರಲಿಲ್ಲ.

ತಲೆ ಎತ್ತಿ ನೋಡಿದೆ. ಎರಡನೆಯ ತೋಟೆ ಒಳಗೆ ಹೋಗಿ ಬೋಲ್ಟ್ ಮುಚ್ಚಿತ್ತು. ಅಬು ಹಮದರ ಕೆನ್ನೆ ಹಿಡಿಯ ಮೇಲಿತ್ತು. ಬಲಗಣ್ಣಿಗೂ ಬೋಲ್ಟಿಗೂ ಗೇಣು ಅಂತರವೂ ಇರಲಿಲ್ಲ.

"ಸೀಸ್ ಫೈರ್," ಎಂದು ಕೂಗಿದೆ.

ರೇಂಜಿನಲ್ಲಿ ಈ ಮಾತನ್ನು ಯಾರು ಬೇಕಾದರೂ ಕೂಗಬಹುದು. ಕೂಗಿದರೆ ಎಲ್ಲರೂ ಕೋವಿ ಕೆಳಗಿಡಬೇಕು. ಎಲ್ಲರೂ ಇಟ್ಟರು. ಅಬು ಹಮದರೂ ಇಟ್ಟರು. ಅಕ್ಕಪಕ್ಕದವರೆಲ್ಲ ಅವರನ್ನೇ ನೋಡುತ್ತಿದ್ದರು. ಅವರ ಮುಖ ಕಪ್ಪಿಟ್ಟಿತು.

"ನನ್ನ ತಂದೆಯ ಕೋವಿ ಇದು. ನಿನಗೆ ಏನು ಕಂಡಿತು?"

"ಗೊತ್ತಿಲ್ಲ ಅರ್ಬಾಬ್. ಅಳೆದ ಮೇಲೆ ಹೇಳುತ್ತೇನೆ. ಏನೂ ಇಲ್ಲದಿದ್ದರೆ ಎಲ್ಲರ ಎದುರೇ ಕ್ಷಮೆ ಕೇಳುತ್ತೇನೆ."

ತೋಟೆ ಹೊರತೆಗೆದು ಗೇಜು ಹಾಕಿದೆ. 'ನೋ-ಗೋ' ಎಂಬ ಉಕ್ಕಿನ ತುಂಡಿನ ಮೇಲೆ ಬೋಲ್ಟ್ ಮುಚ್ಚಬಾರದು. ಅದು ಬೆಣ್ಣೆಯಂತೆ ಮುಚ್ಚಿಕೊಂಡಿತು. ಒಳಗೆ ಅಷ್ಟು ಸಡಿಲವಿದ್ದರೆ ಗುಂಡು ಹಾರಿಸಿದಾಗ ಹಿತ್ತಾಳೆಯ ಕೇಸು ಹಿಗ್ಗಿ ಬುಡದಲ್ಲಿ ಸೀಳುತ್ತದೆ. ಬಿಸಿ ಅನಿಲ ಹಿಂದಕ್ಕೆ, ಹಾರಿಸುವವನ ಕಣ್ಣಿಗೆ ಬರುತ್ತದೆ.

ಮೂವರೂ ಬನಿಯಾಸ್‌ನ ವರ್ಕ್‌ಶಾಪಿಗೆ ಬಂದೆವು. ಬಿಚ್ಚಿ ನೋಡಿದರೆ ಇಷ್ಟು ಸಡಿಲ ಬರುವಷ್ಟು ಕೋವಿ ಸವೆದಿರಲಿಲ್ಲ, ಹಾಗಾಗಿ ಚೇಂಬರಿನ ಆಕಾರವನ್ನೇ ನೋಡಬೇಕಿತ್ತು. ಕುದಿಯುವ ನೀರಿನ ಶಾಖಕ್ಕೇ ಕರಗುವ ಒಂದು ಮಿಶ್ರಲೋಹವಿದೆ. ಅದನ್ನು ಚೇಂಬರಿಗೆ ಎರೆದು, ಗಟ್ಟಿಯಾದ ಮೇಲೆ ಹೊರಗೆ ತಟ್ಟಿದರೆ ಒಳಗಿನ ಅಚ್ಚು ಸಿಗುತ್ತದೆ. ಆ ಲೋಹ ಮೊದಲು ಕುಗ್ಗಿ ಆಮೇಲೆ ಹಿಗ್ಗುವುದರಿಂದ ಒಂದು ಗಂಟೆ ಕಾದು ಅಳೆದರೆ ಮಾತ್ರ ಲೆಕ್ಕ ಸರಿ.

ಆ ಒಂದು ಗಂಟೆ ಅಬು ಹಮದ್ ನನಗೆ ಬೆನ್ನು ಹಾಕಿ ಕೂತಿದ್ದರು. ಸಲೀಂ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳುವಂತೆ, "ಎಂತ ಮಾರಾಯ್ರೆ, ಇದು ಸರಿ ಉಂಟು ಅಂತಾದ್ರೆ ನಾವಿಬ್ರೂ ಊರಿಗೆ ಟಿಕೆಟ್ ಮಾಡುವುದೇ," ಎಂದರು. ಅಬು ರಾಶಿದ್ ಮಾತ್ರ ಖುಷಿಯಲ್ಲಿದ್ದರು. ಇವನ ಮನೆಯ ಕಾಫಿ ಕುಡಿದು ನಾನು ಐವತ್ತು ವರ್ಷ ಬದುಕಿದ್ದೇ ಪವಾಡ ಎಂದು ಗೆಳೆಯನನ್ನು ಕೆಣಕುತ್ತಿದ್ದರು. ಗೆಳೆಯ ನಗಲಿಲ್ಲ.

ಗಂಟೆ ಕಳೆದು ಅಳೆದೆ. ಅಚ್ಚಿನ ಭುಜ ಇರಬೇಕಾದ ಜಾಗಕ್ಕಿಂತ ಮೂರು ಮಿಲಿಮೀಟರ್ ಮುಂದಿತ್ತು. ಇನ್ನೊಮ್ಮೆ ಅಳೆದೆ, ಅಷ್ಟೇ. ಯಾರೋ ಬೇಕೆಂದೇ ಚೇಂಬರನ್ನು ಕೊರೆದು ದೊಡ್ಡದು ಮಾಡಿದ್ದರು. ಯಾವ ಕಾರ್ಖಾನೆಯೂ ಮಾಡದ, ಒಬ್ಬ ಹವ್ಯಾಸಿ ತನ್ನ ಕೋವಿಗೆಂದೇ ರೂಪಿಸಿದ ತೋಟೆಗೆ ನಮ್ಮಲ್ಲಿ 'ವೈಲ್ಡ್‌ಕ್ಯಾಟ್' ಎನ್ನುತ್ತಾರೆ. ಆ ಇಂಜಿನಿಯರ್ ಅಂಥವನಿರಬೇಕು. ತನಗೆ ಗೊತ್ತಿದ್ದುದರಿಂದ ನಳಿಗೆಯ ಹಳೆಯ ಮುದ್ರೆಯನ್ನು ಬದಲಿಸುವ ಗೋಜಿಗೆ ಹೋಗಿರಲಿಲ್ಲ.

ಅಚ್ಚನ್ನೂ ಅಂಗಡಿಯ ತೋಟೆಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅಬು ಹಮದ್ ಎರಡನ್ನೂ ಕೈಗೆತ್ತಿಕೊಂಡು ನೋಡಿದರು.

"ಆ ಇಂಜಿನಿಯರ್ ಒಂದು ಡಬ್ಬಿ ತೋಟೆ ಕೊಟ್ಟಿದ್ದ," ಎಂದರು. "ಅದು ಮುಗಿದ ಮೇಲೆ ಅಪ್ಪ ಇದನ್ನು ಮುಟ್ಟಲೇ ಇಲ್ಲ. ಅಂಗಡಿಯಿಂದ ಬೇರೆ ತರುತ್ತೇನೆ ಎಂದರೆ, ಬೇಡ, ಇದು ಅಂಗಡಿಯದ್ದು ತಿನ್ನುವುದಿಲ್ಲ ಎನ್ನುತ್ತಿದ್ದ. ದುಡ್ಡು ಬಿಚ್ಚಲು ಮನಸ್ಸಿಲ್ಲದ ಮುದುಕ ಎಂದು ನಾವು ಅಣ್ಣತಮ್ಮಂದಿರೆಲ್ಲ ನಗುತ್ತಿದ್ದೆವು."

ಅಷ್ಟು ಹೇಳಿ ಅವರೇ ನಗತೊಡಗಿದರು. ನಗುತ್ತಲೇ ತಲೆಗೆ ಹೊದ್ದ ಗುತ್ರಾದ ತುದಿಯಿಂದ ಕಣ್ಣೊರೆಸಿಕೊಂಡರು.

ಆಮೇಲೆ ನಡೆದ ಚೌಕಾಸಿಯಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾರದ ಕೋವಿಯನ್ನು ಗೆಳೆಯನಿಗೆ ಮಾರುವವನು ತಾನಲ್ಲ, ವ್ಯವಹಾರ ಖಲಾಸ್ ಎಂದು ಅಬು ಹಮದ್. ಮಾತು ಕೊಟ್ಟಾಗಿದೆ, ಹಾರಲಿ ಬಿಡಲಿ ಒಯ್ಯುವವನೇ ಎಂದು ಅಬು ರಾಶಿದ್. ಇಬ್ಬರೂ ನಷ್ಟಕ್ಕಾಗಿ ಜಗಳವಾಡುತ್ತಿದ್ದರು. ಹೊಸ ನಳಿಗೆ ಕೂರಿಸಬಹುದು ಎಂದು ನಾನು ಹೇಳಿ ನೋಡಿದೆ. ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು.

"ಆಮೇಲೆ ಅದು ಇವನ ಅಪ್ಪನದು ಹೇಗಾಗುತ್ತದೆ?" ಎಂದರು ಅಬು ರಾಶಿದ್.

ಕೊನೆಗೆ ತೀರ್ಮಾನವಾದದ್ದು ಹೀಗೆ. ಯಾರಾದರೂ ಮರೆತು ತೋಟೆ ಹಾಕಿದರೂ ಸಿಡಿಯದಂತೆ ನಾನು ಅದರ ಫೈರಿಂಗ್ ಪಿನ್ ತೆಗೆದಿಟ್ಟೆ. ಕೋವಿ ಅಬು ರಾಶಿದರು ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನ ಗೋಡೆ ಸೇರಿತು. ಲೋಹದ ಅಚ್ಚನ್ನು ಅಬು ಹಮದ್ ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿ ಮಿರ್ದಿಫ್‌ಗೆ ಒಯ್ದರು. ತಮ್ಮಂದಿರಿಗೆ ತೋರಿಸಬೇಕಿತ್ತಂತೆ.

ಈಗ ನಾನು ನಿವೃತ್ತ, ಊರಿಗೆ ಮರಳಿದ್ದೇನೆ. ನಳಿಗೆಯ ಮುದ್ರೆ ಕೋವಿ ಹುಟ್ಟಿದಾಗ ಏನಾಗಿತ್ತು ಎಂದಷ್ಟೇ ಹೇಳುತ್ತದೆ. ಆಮೇಲೆ ಏನಾಯಿತು ಎಂದು ತಿಳಿಯಲು ಒಳಗೆ ಅಳೆಯಬೇಕು. ಅಳೆಯಲು ಸಮಯ ಬೇಕು, ಆ ಸಮಯ ಸಿಗಬೇಕಾದರೆ ಯಾರಾದರೂ ಒಬ್ಬರು ಮೊದಲು ಕೂಗಿ ನಿಲ್ಲಿಸಬೇಕು. ಕೂಗಿದ್ದು ತಪ್ಪಾದರೆ ಕ್ಷಮೆ ಕೇಳಬಹುದು. ಕೂಗದೆ ಇದ್ದದ್ದಕ್ಕೆ ಯಾರ ಬಳಿ ಕೇಳುವುದು? ಈ ವೃತ್ತಿ ನನಗೆ ಕಲಿಸಿದ್ದು ಇದನ್ನು.

ಸಲೀಂ ಆಗಾಗ ಫೋನು ಮಾಡುತ್ತಾರೆ. ಅಬು ಹಮದ್ ಗೆಳೆಯನ ಮಜ್ಲಿಸ್‌ಗೆ ಬಂದಾಗಲೆಲ್ಲ ಗೋಡೆಯ ಕೋವಿ ತೋರಿಸಿ ಈ ಕಥೆ ಹೇಳುತ್ತಾರಂತೆ. ಅವರ ಕಥೆಯಲ್ಲಿ ನಾನು ಹಾರಿ ಬಂದು ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಿದ್ದೇನೆ. ನಿಜಕ್ಕೂ ನಾನು ನಿಂತಲ್ಲಿಂದ ಕದಲಿರಲಿಲ್ಲ. ತಿದ್ದಬೇಡಿ ಎಂದು ಸಲೀಂಗೆ ಹೇಳಿದ್ದೇನೆ. ಕಥೆ ಹೇಳುವಾಗ ಆ ಮನುಷ್ಯನ ಎರಡು ಕಣ್ಣೂ ನಗುತ್ತಿರುತ್ತವಂತೆ.