ನಂಜುಂಡಣ್ಣನ ಸ್ಟೂಲು

ನಂಜುಂಡಣ್ಣನ ಸ್ಕೂಟರಿನ ಹಿಂದೆ ಅವರ ಹೆಂಡತಿಗಿಂತ ಹೆಚ್ಚು ಸಲ ಕೂತದ್ದು ಒಂದು ಮರದ ಸ್ಟೂಲು. ಅದನ್ನು ಹಗ್ಗದಲ್ಲಿ ಬಿಗಿದುಕೊಂಡು ಅವರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೊರಟರೆಂದರೆ, ಅಲ್ಲಿ ಯಾವುದೋ ಬೇಕರಿಗೋ ಹಿಟ್ಟಿನ ಗಿರಣಿಗೋ ಬಂಡವಾಳ ಬೇಕಾಗಿದೆ ಎಂದೇ ಅರ್ಥ.

ಅವರದು ಹಾರ್ಡ್‌ವೇರ್ ಅಂಗಡಿ. ಸೋಮವಾರ ಸಂಜೆ ಅದರ ಜಗಲಿಯನ್ನು ಊರವರು ತಮಾಷೆಗೆ ಷೇರು ಪೇಟೆ ಎನ್ನುತ್ತಿದ್ದರು. ಬ್ಯಾಂಕು ಕೈಬಿಟ್ಟ ಸಣ್ಣ ವ್ಯಾಪಾರಗಳ ಪಾಲನ್ನು ಮೇಷ್ಟ್ರು, ನರ್ಸು, ತರಕಾರಿಯವರು ಅಲ್ಲಿ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಕಟ್ಟಳೆ ಒಂದೇ: ಕೊಳ್ಳುವವರಿರಲಿ ಮಾರುವವರಿರಲಿ, ಪಾಲು ಯಾವ ವ್ಯಾಪಾರದ್ದೋ ಅದರ ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ಒಂದು ದಿನ ಸ್ಟೂಲಿನ ಮೇಲೆ ಕೂರಬೇಕು. ‘ಬರೀ ಕಾಗ್ದ ನೋಡಿ ಏನ್ ಗೊತ್ತಾದದು? ಮಕ ನೋಡ್ಲಿ ಕಣವ್ವ’ ಎಂದು ನಂಜುಂಡಣ್ಣ ನನಗೆ ಹೇಳುತ್ತಿದ್ದರು.

ನನ್ನ ಕೊಬ್ಬರಿ ಎಣ್ಣೆ ಗಾಣದಲ್ಲಿ ಆ ಸ್ಟೂಲಿನ ಮೇಲೆ ಮೊದಲು ಕೂತವರು ಅವರೇ. ಗಾಬರಿಯಲ್ಲಿ ಅಂದು ಕೊಬ್ಬರಿ ಸೀದುಹೋಯಿತು. ಆ ಎಣ್ಣೆಯನ್ನು ನಾನು ಮಾರದೆ ಪಕ್ಕಕ್ಕಿಟ್ಟೆ. ‘ಕೆಟ್ಟಿದ್ನ ಮಾರ್ಲಿಲ್ವಲ್ಲ, ಅದ್ಕೇ ನಂದೂ ಒಂದು ಪಾಲು’ ಎಂದು ಎದ್ದರು. ಆ ಮಾತಿನ ಮೇಲೆ ಇನ್ನೂ ಎಂಟು ಜನ ಬಂದರು.

ಕೊರೋನಾ ಕಾಲದಲ್ಲಿ ಅವರಲ್ಲಿ ಮೂವರು ಪಾಲು ಮಾರಲು ಬಂದು ಕೂತರು. ಇಬ್ಬರು ಮಧ್ಯಾಹ್ನದ ಹೊತ್ತಿಗೆ ಬಾಟಲಿಗೆ ಚೀಟಿ ಅಂಟಿಸುತ್ತಿದ್ದರು, ಮಾರುವ ಮಾತೇ ಎತ್ತಲಿಲ್ಲ. ಮೂರನೆಯವರು ಮಾರಿಯೇ ಹೋದರು. ನಾನು ಗೊಣಗಿದೆ. ನಂಜುಂಡಣ್ಣ, ‘ಅವರ ಮನೇಲಿ ಏನು ತಾಪತ್ರಯವೋ’ ಎಂದು ಅವರನ್ನು ಬಸ್ಸು ಹತ್ತಿಸಿ ಬಂದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ಟೂಲು ಹಿಡಿದು ಅವರೇ ಬಂದರು. ಹಾಸನದ ಡಾಕ್ಟರು ಎದೆಯ ಆಪರೇಷನ್ ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಅದರ ಖರ್ಚಿಗೆ ಅವರ ಕೈಯಲ್ಲಿ ಉಳಿದಿದ್ದದ್ದು ನನ್ನ ಗಾಣದ ಪಾಲು ಮಾತ್ರ. ಗಾಣ ತಿರುಗುವುದನ್ನು ನೋಡಿದರೆ ಈ ಮನುಷ್ಯ ಮಾರುವುದಿಲ್ಲ, ಆಪರೇಷನ್ನೂ ಮಾಡಿಸಿಕೊಳ್ಳುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಅವರು ಒಳಗೆ ಬರುವಷ್ಟರಲ್ಲಿ ಗಾಣ ನಿಲ್ಲಿಸಿ, ‘ಕೆಟ್ಟೋಗಿದೆ’ ಎಂದೆ. ಬಂದ ಗಿರಾಕಿಗಳನ್ನು ಎಣ್ಣೆಯಿಲ್ಲವೆಂದು ಕಳಿಸಿದೆ. ಅವರು ಇಡೀ ದಿನ ಸ್ಟೂಲಿನ ಮೇಲೇ ಕೂತಿದ್ದರು.

ಸಂಜೆ ಎದ್ದು ಹೇಳಿದರು: ‘ಬಂದೇಟ್ಗೇ ಗಾಣದಲ್ಲಿ ಉಳ್ದಿದ್ದ ಕೊಬ್ರಿ ಇಂಡಿ ಮುಟ್ಟಿ ನೋಡ್ದೆ ಕಣವ್ವ, ಬಿಸಿ ಇತ್ತು. ನಾನು ಮಾರ್ಲಿ ಅಂತ ಗಾಣ ನಿಲ್ಸಿದ್ದೀಯ. ಆಯ್ತು, ಮಾರ್ತೀನಿ. ನಾಳೀಕೆ ಮಾತ್ರ ನಿಲ್ಲುಸ್ಬ್ಯಾಡ.’

ಮಾರನೆಯ ದಿನ ಒಬ್ಬ ನರ್ಸಮ್ಮ ಅದೇ ಸ್ಟೂಲಿನ ಮೇಲೆ ಕೂತು ಆ ಪಾಲು ಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು.

ಆಮೇಲೆ ಅವರು ಬರುತ್ತಿದ್ದದ್ದು ಕ್ಯಾನು ಹಿಡಿದುಕೊಂಡು, ಗಿರಾಕಿಯಾಗಿ. ಪೂರ್ತಿ ದುಡ್ಡು ಕೊಟ್ಟು, ಬಾಗಿಲಾಚೆಯೇ ನಿಲ್ಲುತ್ತಿದ್ದರು. ‘ಒಳಗೆ ಬನ್ನಿ ಅಣ್ಣ, ಕೂತ್ಕೊಳ್ಳಿ’ ಎಂದರೆ, ‘ಪಾಲಿಲ್ದೋನು ಕುಂತ್ರೆ ನಿಂಗೆ ಅಡ್ಡ ಕಣವ್ವ’ ಎಂದು ನಗುತ್ತಿದ್ದರು.

ಕೊನೆಯ ಸಲ ಬಂದಾಗ ಏದುಸಿರು ಬಿಡುತ್ತಾ ಬಾಗಿಲ ಚೌಕಟ್ಟಿಗೆ ಒರಗಿಕೊಂಡಿದ್ದರು. ಕ್ಯಾನು ತುಂಬುವವರೆಗೂ ಗಾಣವನ್ನೇ ನೋಡುತ್ತಿದ್ದರು. ಅದಾದ ವಾರದಲ್ಲೇ ತೀರಿಕೊಂಡರು. ಜಗಲಿಯಲ್ಲಿ ಈಗ ಸೋಮವಾರ ಯಾರೂ ಸೇರುವುದಿಲ್ಲ. ಅಂದು ಬಾಗಿಲಿಗೆ ಒರಗಿದ್ದ ಅವರ ಕೈ ಹಿಡಿದು ಒಳಗೆ ಎಳೆದು ಕೂರಿಸಬೇಕಿತ್ತು. ಗಿರಾಕಿಗಳು ಕಾಯುತ್ತಿದ್ದಾರೆಂದು ನಾನು ಎಣ್ಣೆ ಅಳೆಯುತ್ತಾ ನಿಂತೆ.