ಹಿಂದೆ ಸರಿದ ಪಾದಗಳು

ನಿಜಾಮರ ರಾಜ್ಯದಲ್ಲಿ ಪ್ಲೇಗು ಬಂದು ನಾವೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವಲ್ಲ, ಅದರ ಮಾರನೆಯ ವರ್ಷದ ಶ್ರಾವಣದಲ್ಲಿ ನಡೆದದ್ದು ಇದು. ನನಗಾಗ ಹತ್ತೊಂಬತ್ತೋ ಇಪ್ಪತ್ತೋ. ಈಗ ಕಣ್ಣು ಮಂಜಾಗಿದೆ, ಮೊಮ್ಮಗಳ ಕೈಯಿಂದ ಬರೆಸುತ್ತಿದ್ದೇನೆ. ಅವಳು ನಡುನಡುವೆ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ನೋಡಲಿ.

ನನ್ನ ತವರು ಉದಗೀರ. ಅಪ್ಪನದು ಅರಿವೆ ಅಂಗಡಿ. ನನ್ನನ್ನು ಕೊಟ್ಟದ್ದು ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ, ಒಕ್ಕಲುತನದ ಮನೆಗೆ. ಮೈತುಂಬ ಬಂಗಾರ ಹಾಕಿಕೊಂಡು ಬಂದೆ. ಆದರೆ ಆ ಮನೆಯಲ್ಲಿ ಮೊದಲ ಮಾತು, ಮೊದಲ ಪೂಜೆ ಎಲ್ಲವೂ ನನ್ನ ನೆಗೆಣ್ಣಿ, ಹಿರಿಯ ಸೊಸೆ ನೀಲವ್ವನಿಗೆ. ಲೋಹಾರಾ ಕಡೆಯ ರೈತರ ಮಗಳು. ಕೊರಳಲ್ಲಿ ನಾಲ್ಕು ಬಂಗಾರದ ಗುಂಡು ಬಿಟ್ಟರೆ ಏನೂ ಇಲ್ಲ. ಆದರೂ ಅತ್ತೆ ಕೂತರೆ ನೀಲಾ, ನಿಂತರೆ ನೀಲಾ. ಊರಲ್ಲಿ ಯಾರಿಗೆ ಹೆರಿಗೆಯಾದರೂ ಕೂಸನ್ನು ಮೊದಲು ಎತ್ತಿಕೊಳ್ಳಲು ಆಕೆಯೇ ಬರಬೇಕು, ಆಕೆಯ ಕೈಗುಣ ಒಳ್ಳೆಯದಂತೆ! ಪ್ಲೇಗಿನಲ್ಲಿ ಆಕೆಯ ನಾಲ್ಕು ವರ್ಷದ ಮಗ ತೀರಿಕೊಂಡ. ಊರವರೆಲ್ಲ ಸುತ್ತ ಕೂತು ಆಕೆಯನ್ನು ಸಮಾಧಾನ ಮಾಡುವಾಗ ನನಗೆ ಅದರ ಮೇಲೂ ಹೊಟ್ಟೆಕಿಚ್ಚು ಬಂತು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಮ್ಮ ಹೊಲದ ಬಾವಿಯ ಪಕ್ಕ ಕಣ್ಣು ಮುಚ್ಚಿ ಕೂತ ಒಂದು ಕಲ್ಲಿನ ಮೂರ್ತಿ ಇತ್ತು. ಯಾರು ಯಾವಾಗ ಇಟ್ಟರೋ ಯಾರಿಗೂ ಗೊತ್ತಿರಲಿಲ್ಲ. ನಾವು ಅದನ್ನು ಮೌನಪ್ಪ ಎನ್ನುತ್ತಿದ್ದೆವು. ಸೋಮವಾರಕ್ಕೊಮ್ಮೆ ಹಣೆಗೆ ವಿಭೂತಿ ಬಳಿದು, ಪತ್ರಿ ಏರಿಸಿ, ಬೆಲ್ಲ ಹಂಚುತ್ತಿದ್ದೆವು. ಹಂಚುವ ಕೈಯೂ ನೀಲಕ್ಕನದೇ.

ಆ ಶ್ರಾವಣದ ಒಂದು ರವಿವಾರ, ಹೊತ್ತು ನೆತ್ತಿಯ ಮೇಲಿಂದ ಇಳಿಯುತ್ತಿದ್ದಾಗ, ಕಾವಿ ಉಟ್ಟ, ತಲೆ ಬೋಳಿಸಿದ, ಭಿಕ್ಷೆಯ ಪಾತ್ರೆ ಹಿಡಿದ ಒಬ್ಬರು ನಮ್ಮ ಬಾಗಿಲಿಗೆ ಬಂದರು. ಮೌನಪ್ಪನ ಸುದ್ದಿ ಕೇಳಿ ಅವರನ್ನು ಕರೆತಂದಿದ್ದ ನಿಲಂಗಾದ ಮಾಸ್ತರರು ಪಾಟೀಲರನ್ನು ಕಾಣಲು ಚಾವಡಿಯಲ್ಲೇ ನಿಂತಿದ್ದರು. ನಮಗೇನು ಗೊತ್ತು? ಕಾವಿ ಕಂಡರೆ ನಮ್ಮ ಪಾಲಿಗೆ ಅವರು ಜಂಗಮರು. ಜಂಗಮರು ಮನೆಗೆ ಬಂದರೆ ಪಾದ ತೊಳೆಯಲೇಬೇಕು. ಅತ್ತೆ ಪಡಸಾಲೆಯಲ್ಲಿ ಮಣೆ ಹಾಕಿಸಿದರು. ನೀಲಕ್ಕ ತಂಬಿಗೆ ನೀರು, ಕಾಲಿಡಲು ಅಗಲದ ಪರಾತ ತಂದು ಅವರ ಮುಂದೆ ಕೂತಳು.

ಆಕೆಯ ಬೆರಳು ಸೋಕುವ ಮೊದಲೇ ಅವರು ಗಕ್ಕನೆ ಕಾಲು ಹಿಂದೆ ತೆಗೆದುಕೊಂಡು ಎದ್ದು ನಿಂತರು.

“ಏನ ತಪ್ಪಾಯ್ತರಿ ಅಪ್ಪಾ?” ಎಂದಳು ಅಕ್ಕ. ಅವರಿಗೆ ನಮ್ಮ ಮಾತು ಬಾರದು. ಸುಮ್ಮನೆ ಕೈ ಜೋಡಿಸಿದರು. ಆಕೆ ಒಳಗೆ ಓಡಿ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅದನ್ನೂ ಮುಟ್ಟದೆ ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಮಾಸ್ತರರು ಬೀದಿಯಿಂದಲೇ ಕರೆದರು. ಇಬ್ಬರೂ ಊರ ಮಠದ ಕಡೆಗೆ ನಡೆದರು.

ನನ್ನೊಳಗೆ ಹಬ್ಬವೋ ಹಬ್ಬ. ಕೊಡ ಎತ್ತಿಕೊಂಡು ಸೀದಾ ಊರ ಬಾವಿಗೆ ಹೋದೆ. “ಎರಡ ಸಲ ಬ್ಯಾಡ ಅಂದ್ರು ನೋಡ್ರಿ,” ಎಂದೆ ಅಲ್ಲಿದ್ದ ಹೆಂಗಸರ ಮುಂದೆ. “ಸುಮ್ಮಸುಮ್ಮನ ಯಾವ ಅಪ್ಪಾರು ಪಾದ ಹಿಂದ ತಗೋತಾರ? ಮಗಗ ಕಡೀ ತುತ್ತು ಉಣಿಸಿದ್ದೂ ಅದೇ ಕೈ ಅಲ್ಲೇನು?”

ಇಷ್ಟೇ ಹೇಳಿದ್ದು. ಉಳಿದದ್ದನ್ನು ಅವರೇ ಜೋಡಿಸಿಕೊಂಡರು. ಹೊತ್ತು ಮುಳುಗುವುದರೊಳಗೆ ಮಾತು ಊರೆಲ್ಲ ಸುತ್ತಿ ನಮ್ಮ ಮನೆಗೇ ಬಂತು. ಪಕ್ಕದ ಮನೆಯ ಬಾಣಂತಿ ಅಕ್ಕನನ್ನು ಕಂಡದ್ದೇ ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಅತ್ತೆ ನನ್ನನ್ನು ಕರೆದು, “ಗಂಗಾ, ನಾಳಿ ಮೌನಪ್ಪನ ಪೂಜಿ ನೀನೇ ಮಾಡು. ಅಪ್ಪಾರ ಪಾದಾನೂ ನೀನೇ ತೊಳಿ” ಎಂದರು. ನೀಲಕ್ಕ “ಹೂಂ ಅತ್ತೀ” ಎಂದು ಬೀಸುವ ಕಲ್ಲಿನ ಮುಂದೆ ಹೋಗಿ ಕೂತಳು. ನಾನು ಟ್ರಂಕಿನಿಂದ ಇರಕಲ್ ಸೀರೆ ತೆಗೆದೆ.

ಸೋಮವಾರ ಬೆಳಿಗ್ಗೆ ಅರ್ಧ ಊರೇ ಹೊಲಕ್ಕೆ ಬಂದಿತ್ತು. ಆ ಸನ್ಯಾಸಿಗಳು ಮೌನಪ್ಪನನ್ನು ಕಂಡದ್ದೇ ಮೂರು ಸಲ ನೆಲಕ್ಕೆ ಹಣೆ ಹಚ್ಚಿದರು. ಕಣ್ಣಲ್ಲಿ ನೀರು.

“ಇವರು ಸಿಂಹಳ ದೇಶದ ಭಿಕ್ಕುಗಳು,” ಎಂದರು ಮಾಸ್ತರರು. “ನೀವು ಮೌನಪ್ಪ ಅಂತೀರಲ್ಲ, ಈ ಮೂರ್ತಿಗಿ ಇವರ ಕಡಿ ಬುದ್ಧ ಅಂತಾರ.”

“ಹಂಗಾದ್ರ ವಿಭೂತಿ ಅಳಸಬೇಕೇನ್ರಿ?” ಹಿಂದಿನಿಂದ ನೀಲಕ್ಕ ಕೇಳಿದಳು. ಎಲ್ಲರೂ ಆಕೆಯ ಕಡೆ ತಿರುಗಿದರು. ಪೂಜೆ ಮಾಡಿದವಳು ನಾನು, ನೋಡುವುದು ಆಕೆಯನ್ನು!

ಮಾಸ್ತರರು ಇಂಗ್ಲಿಷಿನಲ್ಲಿ ಅವರನ್ನು ಕೇಳಿ ಬಂದು, “ಬ್ಯಾಡಂತ. ಬರ್ಮಾದಾಗ ಬುದ್ಧನ ಮೂರ್ತಿಗಿ ಬಂಗಾರದ ರೇಕು ಹಚ್ಚತಾರಂತ. ಚೀನಾದಾಗ ಬುದ್ಧನ ಪಂಥದ ಒಬ್ಬ ಕರುಣಾಳು ದೇವರಿಗಿ ಹೆಣ್ಣಿನ ರೂಪಾನೇ ಕೊಟ್ಟಾರಂತ. ಇಲ್ಲಿ ವಿಭೂತಿ ಹಚ್ಚೀರಿ, ಇರಲಿ ಅಂತಾರ” ಎಂದರು.

“ಇರಲೇಬೇಕಲ್ಲ,” ಎಂದರು ಅತ್ತೆ. “ನಮ್ಮ ಹೊಲದಾಗ ಕುಂತಾನ.”

ಈಗ ನನ್ನ ಸರದಿ. ಇರಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ಎಲ್ಲರೂ ನೋಡಲೆಂದು ನಿಧಾನವಾಗಿ ಪರಾತದ ಮುಂದೆ ಕೂತು ಕೈ ಚಾಚಿದೆ. ಪಾದಗಳು ಗಕ್ಕನೆ ಹಿಂದೆ ಸರಿದವು. ನಿನ್ನೆಯ ಹಾಗೆಯೇ.

ಮಾಸ್ತರರು ನಕ್ಕುಬಿಟ್ಟರು. “ಅಯ್ಯ, ಹೇಳೋದೇ ಮರತೆ. ಹೆಣ್ಣುಮಕ್ಕಳು ಮುಟ್ಟಬಾರದು, ಅದು ಅವರ ಕಾಯದಾ. ಹೆತ್ತ ತಾಯಿನೂ ಮುಟ್ಟಂಗಿಲ್ಲ. ಮಧ್ಯಾಹ್ನ ಆದ ಮ್ಯಾಲ ಉಣ್ಣಂಗೂ ಇಲ್ಲ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ಬಾವಿಯ ಹತ್ತಿರ ನನ್ನ ಮಾತು ಕೇಳಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಅತ್ತೆ ಮಾತ್ರ ಪಟ್ಟು ಬಿಡಲಿಲ್ಲ. “ಪಾದ ತೊಳಿಸಿಕೊಳ್ಳದೆ ಹೋದ್ರ ನಮ್ಮ ಮನಿತನಕ್ಕ ಕುಂದು, ಹೇಳ್ರಿ ಅವರಿಗಿ” ಎಂದರು. ಮಾಸ್ತರರು ಹೇಳಿದರು. ಭಿಕ್ಕುಗಳು ಸ್ವಲ್ಪ ಯೋಚಿಸಿದರು. ಆಮೇಲೆ ತಾವಾಗಿಯೇ ಪರಾತದಲ್ಲಿ ಕಾಲಿಟ್ಟು, ಮೇಲಿನಿಂದ ನೀರು ಹಾಕಿದರೆ ಸಾಕೆಂದು ಕೈಸನ್ನೆ ಮಾಡಿದರು.

ತಂಬಿಗೆ ನನ್ನ ಕೈಯಲ್ಲಿತ್ತು. ನೀಲಕ್ಕ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಆಕೆಯ ಕೈಯಲ್ಲಿ ತಪ್ಪಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. “ಅಕ್ಕಾ, ಬಾ, ನೀ ಹಾಕು” ಎಂದಿದ್ದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ನಾನೇ ನೀರು ಸುರಿದೆ, ತಂಬಿಗೆ ಬರಿದಾಗುವವರೆಗೂ. ಒರೆಸಿಕೊಳ್ಳಲು ವಸ್ತ್ರ ತಂದಿಟ್ಟವಳು ಆಕೆ.

ಮನೆಗೆ ಮರಳುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಳು. “ಗಂಗಾ, ನಿನ್ನ ಮುಂದೂ ಅವರು ಕಾಲ ಹಿಂದ ತಗೊಂಡ್ರಲ್ಲ, ಆಗ ನನಗ ಜೀವ ಬಂತು ನೋಡು. ನಿನ್ನಿಯಿಂದ ನನ್ನ ಕೈನೇ ಮಗನ್ನ ತಿಂದದ ಅಂತ ತಿಳದಿದ್ದೆ. ರೊಟ್ಟಿ ಬಡಿಲಿಕ್ಕೂ ಅಂಜಿಕಿ ಬಂದಿತ್ತು” ಎಂದು ಅಳತೊಡಗಿದಳು. ಆ ಮಾತು ಹುಟ್ಟಿದ್ದು ಯಾರ ಬಾಯಿಂದ ಎಂದು ಆಕೆಗೆ ಗೊತ್ತಿರಲಿಲ್ಲ. ಬಾವಿಯ ಹೆಂಗಸರೂ ಹೇಳಲಿಲ್ಲ.

ಎಲ್ಲಿಂದಲೋ ಬಂದ ಆ ಸನ್ಯಾಸಿ ತಮ್ಮ ನೇಮವನ್ನೂ ಬಿಡಲಿಲ್ಲ, ಗುರುತಿಲ್ಲದ ಮನೆಯ ಮರ್ಯಾದೆಯನ್ನೂ ಕಾದರು. ಒಂದೇ ಸೂರಿನ ಕೆಳಗೆ ಉಂಡ ನನಗೆ ತಂಬಿಗೆಯನ್ನು ಆಕೆಯ ಕೈಗೆ ಕೊಡಲೂ ಆಗಲಿಲ್ಲ.

ಆಮೇಲೆ ನಾವಿಬ್ಬರೂ ಒಟ್ಟಿಗೆ ಮುದುಕಿಯರಾದೆವು. ಆಕೆ ಹೋಗಿ ಬಹಳ ದಿನವಾಯಿತು. ನಾನು ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ಖಂಡಿತ ಕ್ಷಮಿಸುತ್ತಿದ್ದಳು, ಅದು ಗೊತ್ತಿತ್ತು. ಕ್ಷಮಿಸಿದ ದೊಡ್ಡಸ್ತಿಕೆಯೂ ಆಕೆಯ ಪಾಲಿಗೇ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆ.