ಲಟ್ಟಣಿಗೆಯ ಹಿಡಿ

ವೆರಿಬೀ ಎಂಬ ಊರಿನ ಅಹಲ್ಯಾಳ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಗ್ಯಾರಂಟಿ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮೈಸೂರು ಬಿಟ್ಟು ಈ ಪರದೇಶಕ್ಕೆ ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಯೇ ನಿವೃತ್ತಳಾದ ಹೆಂಗಸು ಇದನ್ನು ನಂಬುತ್ತಿದ್ದಳೇ? ಇಲ್ಲ. ಆದರೆ ಬಿಡುತ್ತಲೂ ಇರಲಿಲ್ಲ. ತಮಾಷೆಯೆಂದರೆ, ಚಾಕು ಮುಟ್ಟದೆಯೇ ಅವಳು ದಿನಕ್ಕೊಂದು ಜಗಳ ಆಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವೆಲ್ಲ ಮಗ ವಿಕ್ರಮನ ಪಾಲಿಗೇ ಬಂದವು.

ವಿಕ್ರಮನಿಗೆ ದೂರದ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ಅಮ್ಮನ ಗ್ಯಾರೇಜಿಗೆ ಬಂದು ಬೀಳುತ್ತಿದ್ದ. ಯುರೋಪಿನ ಹಳೇ ಕಠಾರಿಗಳೆಂದರೆ ಹುಚ್ಚು. ಆರುನೂರು ವರ್ಷದ ಹಿಂದೆ ಅಲ್ಲಿನ ಯೋಧರು ಸೊಂಟಕ್ಕೆ ಕಟ್ಟುತ್ತಿದ್ದಂಥವು. ಈ ಸಲ ಒಂದನ್ನು ತಾನೇ ಮಾಡಲು ಹೊರಟಿದ್ದ. ಕವಚದ ಸಂದಿಯಲ್ಲಿ ಚುಚ್ಚುವಂಥ ಸಪೂರ ಅಲಗು. ಕೈ ಜಾರದಂತೆ ಹಿಡಿಯ ಕೆಳಗೊಂದು, ಮೇಲೊಂದು ದುಂಡು ಬಿಲ್ಲೆ. ಅಲಗಿನ ಬಾಲ ಬಿಲ್ಲೆಗಳನ್ನೂ ಮರದ ಹಿಡಿಯನ್ನೂ ತೂರಿ ಮೇಲೆ ಬರಬೇಕು. ಆ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದರೆ ಮುಗಿಯಿತು, ಮತ್ತೆ ಬಿಚ್ಚುವ ಹಾಗಿಲ್ಲ.

ಹಿಡಿಗೆ ಗಟ್ಟಿ ಮರ ಬೇಕಿತ್ತು. ಕಣ್ಣಿಗೆ ಬಿದ್ದದ್ದು ಅಜ್ಜಿಯ ಲಟ್ಟಣಿಗೆ.

ಭಾನುವಾರ ಚಪಾತಿ ಹಿಟ್ಟು ಕಲಸಿಟ್ಟು ಮನೆಯೆಲ್ಲ ಹುಡುಕಿದ ಅಹಲ್ಯಾಗೆ ಅದರ ಅರ್ಧ ತುಂಡು ಗ್ಯಾರೇಜಿನಲ್ಲಿ ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು.

“ನಮ್ಮಮ್ಮಂದು ಅಂತ ಇದ್ದಿದ್ದು ಅದೊಂದೇ ಕಣೋ. ನೀನು ಈ ಮನೆಗೆ ಬರದಿದ್ರೇನೇ ವಾಸಿ.”

“ಸಾರಿ ಅಮ್ಮ. ಅಜ್ಜಿದು ಅಂತಾನೇ ತಗೊಂಡೆ. ಯಾವಾಗ್ಲೂ ಕೈಯಲ್ಲಿರುತ್ತೆ ಅಂತ.”

ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಸಂಜೆ ಅವನು ಏರ್‌ಪೋರ್ಟಿಗೆ ಹೊರಟಾಗ ಬಾಗಿಲಿಗೂ ಬರಲಿಲ್ಲ. ಬುಧವಾರ ಆಫೀಸಿನಲ್ಲೇ ಅವನ ಎದೆಬಡಿತ ನಿಂತುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಹಲ್ಯಾ ಆಡಿದ ಮಾತು ಎಲ್ಲಿಗೂ ಹೋಗಲಿಲ್ಲ, ಅವಳ ಎದೆಯಲ್ಲೇ ಕೂತಿತು.

ಕೆಲವು ತಿಂಗಳಾದ ಮೇಲೆ ಪಕ್ಕದ ಪಾಯಿಂಟ್ ಕುಕ್‌ನಿಂದ ಮಗನ ಗೆಳೆಯ ಕುಶಾಲ್ ಬಂದ. ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಕಠಾರಿಯನ್ನು ನೋಡಿ, “ಆಂಟಿ, ನಾನು ಫಿನಿಷ್ ಮಾಡ್ಲಾ?” ಎಂದ.

“ಬೇಡ. ಅರ್ಧಕ್ಕೆ ಬಿಟ್ಟಿದಾನಲ್ಲ, ಮುಗಿಸೋಕೆ ಬರ್ತಾನೆ ಅನ್ಸುತ್ತೆ ನಂಗೆ.” ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸುತ್ತಿಗೆಯನ್ನು ಅವನ ಮುಂದೆ ಸರಿಸಿ, “ಮಾಡಪ್ಪ. ಅವನು ಬರಲ್ಲ” ಎಂದಳು.

ಕುಶಾಲ್ ಎಲ್ಲ ಜೋಡಿಸಿ ಬಡಿದ. ಪ್ರತಿ ಏಟಿಗೂ ಅವಳು ಬೆಚ್ಚಿದಳು. ಮುಗಿದ ಮೇಲೆ ಅವನು ಕಠಾರಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ.

“ಕೈಗೆ ಕೊಡಬಾರ್ದು ಅಂತ ವಿಕ್ರಮ್ ಹೇಳ್ತಿದ್ದ, ಆಂಟಿ. ಜಗಳ ಆಗುತ್ತಂತೆ.”

“ಕೈಗೇ ಕೊಡು. ಇದನ್ನ ಕೊಡ್ತಿರೋನು ನೀನಲ್ಲ, ಅವನು. ಬಂದು ಜಗಳ ಆಡ್ಲಿ.”

ಕುಶಾಲ್ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವಳಮ್ಮನ ಕೈ ತಾಗಿ ತಾಗಿ ನುಣುಪಾಗಿದ್ದ ಮರ ಅವಳ ಅಂಗೈಗೆ ಹೊಂದಿ ಕೂತಿತು. ಬಿಗಿಯಾಗಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ನಿಂತಳು. ಜಗಳಕ್ಕೆ ಯಾರೂ ಬರಲಿಲ್ಲ.